ಸಿಸ್ಟರ್ ಕೇಳುತ್ತಿದ್ದ ಮೊದಲ ಪ್ರಶ್ನೆ

ಇದನ್ನು ಬರೆಯುವ ಕೆಲಸವನ್ನು ನಲವತ್ತು ವರ್ಷದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಅಪ್ಪ ಇರುವವರೆಗೂ ಬೇಡ ಅಂದುಕೊಂಡೆ. ನೌಕರಿ ಮುಗಿಯಲಿ ಅಂದುಕೊಂಡೆ. ಆಮೇಲೆ ತಮ್ಮ ಬದುಕಿರುವಾಗ ಹೇಗೆ ಎಂದು ಸುಮ್ಮನಾದೆ. ತಮ್ಮನೂ ಹೋದ. ಹೋದ ವರ್ಷ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಕಡೆಯ ಪರಿಚಯದವರೊಬ್ಬರು ಸಿಕ್ಕಿ, "ನಿಮ್ ಜೊತೇಲಿದ್ರಲ್ಲ ಸಿಸ್ಟರು, ಹೋಗ್ಬುಟ್ರಂತೆ ಕಣ್ರೀ" ಅಂದರು. ನಾನು ಹತ್ತಬೇಕಾಗಿದ್ದ ಬಸ್ಸು ಹೊರಟುಹೋಯಿತು. ಅದರ ಮುಂದಿನದೂ ಹೊರಟುಹೋಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಗಂಡಸರಿಗೆ ಸಿಸ್ಟರು, ಹೆಂಗಸರಿಗೆ ಸಿಸ್ಟರಮ್ಮ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಗುಬ್ಬಿ ತಾಲ್ಲೂಕಿನಲ್ಲಿ ಸಿ.ಎಸ್. ಪುರದ ಕಡೆಯ ನಮ್ಮೂರಿನ ಆರೋಗ್ಯ ಘಟಕಕ್ಕೆ ಅಟೆಂಡರ್ ಆಗಿ ಸೇರಿದ್ದೆ. ವಾರಕ್ಕೆರಡು ದಿನ ಗುಬ್ಬಿಯಿಂದ ಡಾಕ್ಟರು ಮೋಟರ್ ಬೈಕಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನ ಸಿಸ್ಟರೇ ಎಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ನಮ್ಮೂರಿಗೆ ಬಂದಾಗ ನಲವತ್ತರ ಹತ್ತಿರದ ವಯಸ್ಸು. ಗಿಡ್ಡ ಆಳು, ಅಗಲವಾದ ಅಂಗೈ. ಗಂಡಸರ ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಒಂಟಿ ಹೆಂಗಸು. ಗಂಡ ಇದ್ದನೋ ಇಲ್ಲವೋ ಎಂದು ಊರೆಲ್ಲ ಮಾತಾಡಿಕೊಂಡಿತು, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು. ನನ್ನ ಅಕ್ಷರ ದುಂಡಗೆ, ಅಚ್ಚಿನ ಹಾಗೆ ಇತ್ತು. ಗೋಡೆಗೆ ಅಂಟಿಸುವ ಹಾಳೆಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಅವರ ಮೇಜಿನ ಹಿಂದೆ ಇದ್ದ ದೊಡ್ಡ ಹಾಳೆಯನ್ನು ಬರೆದದ್ದೂ ನಾನೇ:

ಕೆಮ್ಮುವವರನ್ನು ಮುಟ್ಟಬೇಡಿ.
ಸದ್ದಿಲ್ಲದವರನ್ನು ಬಿಡಬೇಡಿ.
ಕಾಣದ ಕಡೆ ಬೆರಳು ಹಾಕಬೇಡಿ.

ಗಂಟಲಿಗೆ ಏನಾದರೂ ಸಿಕ್ಕಿಕೊಂಡಾಗ ಮಾಡಬೇಕಾದದ್ದರ ಬಗ್ಗೆ ಅವರಿಗಿದ್ದಷ್ಟು ಹಟ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಕೆಮ್ಮುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ, ಆ ಕೆಮ್ಮೇ ಅದನ್ನು ಹೊರಕ್ಕೆ ತರುತ್ತದೆ. ಸದ್ದು ನಿಂತರೆ ಮಾತ್ರ ನಾವು ಕೈಹಾಕಬೇಕು, ಆಗ ಒಂದು ಗಳಿಗೆಯೂ ತಡ ಮಾಡಬಾರದು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ನಾನು ಒಪ್ಪಿಸುತ್ತಿದ್ದೆ.

ಪಾಠ ಹೇಳಲು ಒಂದು ಗೊಂಬೆ ಹೊಲಿದಿದ್ದರು. ಹಳೆಯ ಸೀರೆಯ ಬಟ್ಟೆ, ಒಳಗೆ ರಾಗಿ ತುಂಬಿ ಆರು ತಿಂಗಳ ಮಗುವಿನ ತೂಕ ಬರುವಂತೆ ಮಾಡಿದ್ದರು. ಗಂಟಲಿಗೆ ಸೈಕಲ್ ಟ್ಯೂಬಿನ ತುಂಡು. ಅದನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಒಯ್ಯುವುದು ನನ್ನ ಕೆಲಸ. "ಏನ್ಲಾ, ಸಿಸ್ಟರ್ ಮಗೀನ ಎಲ್ಲಿಗೆ ಕರ್ಕಂಡ್ ಹೊಂಟೆ?" ಎಂದು ದಾರಿಯಲ್ಲಿ ಎಲ್ಲರೂ ರೇಗಿಸುತ್ತಿದ್ದರು.

ಹೊಂಗೆಮರದ ಕೆಳಗೆ ಹೆಂಗಸರನ್ನು ಕೂರಿಸಿ, ಗೊಂಬೆಯ ಬಾಯಿಗೆ ಹುಣಸೆ ಬೀಜ ಹಾಕಿ, "ಯಾರಾದ್ರೂ ಬಂದು ತೆಗೀರಿ ನೋಡಾಣ" ಎನ್ನುತ್ತಿದ್ದರು. ಒಬ್ಬಾಕೆ ನಗುತ್ತ ಎದ್ದು ಬಂದು ಬೆರಳು ಹಾಕುವಳು. ಬೀಜ ಜಾರಿ ಟ್ಯೂಬಿನೊಳಕ್ಕೆ ಹೋಗುವುದು. ಎಲ್ಲರೂ ಗೊಳ್ಳೆಂದು ನಗುವರು.

"ಈಗ ನಿನ್ ಮಗು ಸತ್ತೋಯ್ತು" ಎನ್ನುವರು ಸಿಸ್ಟರು, ತಣ್ಣಗೆ.

"ಥೂ, ಬಿಡ್ತು ಅನ್ನಿ ಸಿಸ್ಟರಮ್ಮ!"

"ಬಿಡ್ತು ಅಂದ್ರೆ ಬೀಜ ಬರಲ್ಲ ಕಣೇ. ಬೋರಲು ಹಾಕು."

ಎಡಗೈ ಮೇಲೆ ಮಗುವನ್ನು ಬೋರಲು ಮಲಗಿಸಬೇಕು. ದವಡೆ ಅಂಗೈಯಲ್ಲಿ, ತಲೆ ಮೈಗಿಂತ ಕೆಳಗೆ. ಬಲಗೈಯ ಬುಡದಿಂದ ಎರಡು ರೆಕ್ಕೆಮೂಳೆಗಳ ನಡುವೆ ನಾಲ್ಕೈದು ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಒತ್ತಬೇಕು. ಮತ್ತೆ ಬೋರಲು. "ಸವರಿದ್ರೆ ಆಗಲ್ಲ, ಏಟು ಬೀಳ್ಬೇಕು. ನೋವಾಗ್ಲಿ. ನೋವಾದ್ರೆ ಅಳ್ತದೆ. ಅತ್ರೆ ಬದುಕ್ತು."

ಒಬ್ಬೊಬ್ಬ ತಾಯಿಯ ಕೈಯಲ್ಲೂ ಮಾಡಿಸುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವೂ ಒಂದ್ಸಲ ಮಾಡಿ" ಎನ್ನುವರು. "ನಾನ್ಯಾಕೆ ಸಿಸ್ಟರ್, ಮಕ್ಕಳ್ನ ನೋಡ್ಕಳೋರು ಹೆಂಗಸ್ರು ತಾನೆ" ಎಂದು ನಾನು ನಗುತ್ತಿದ್ದೆ, ಹೆಂಗಸರೂ ನಗುತ್ತಿದ್ದರು. ಆ ಗೊಂಬೆಯನ್ನು ಹೊತ್ತು ನಾನು ತುಳಿಯದ ದಾರಿಯಿಲ್ಲ. ಒಂದು ಸಲವೂ ಅದನ್ನು ಬೋರಲು ಹಾಕಿ ಬೆನ್ನಿಗೆ ಹೊಡೆದವನಲ್ಲ.

ಅವರು ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು. ನಮ್ಮ ಕಡೆ ಮುದ್ದೆಯನ್ನು ನುಂಗುತ್ತಾರೆಯೇ ಹೊರತು ಅಗಿಯುವುದಿಲ್ಲ. ಕುಣಿಗಲ್ ಕಡೆಯ ಹೆಂಗಸು ಮುದ್ದೆ ಅಗಿಯುತ್ತಾಳೆ ಎಂಬುದು ಊರಿಗೇ ದೊಡ್ಡ ತಮಾಷೆಯಾಗಿತ್ತು. "ಹಲ್ಲು ಕೊಟ್ಟಿರೋದು ಯಾಕೆ ಮತ್ತೆ?" ಎಂದು ಅವರು ತಲೆ ಎತ್ತದೆ ಅಗಿಯುತ್ತಿದ್ದರು. ಊಟದ ಪಂಕ್ತಿಯಲ್ಲಿ ಅವರ ಕಣ್ಣು ತಮ್ಮ ಎಲೆಯ ಮೇಲಿರುತ್ತಿರಲಿಲ್ಲ, ಎದುರಿಗಿದ್ದವರ ಗಂಟಲ ಮೇಲಿರುತ್ತಿತ್ತು.

ಹಾಗೆ ನೋಡುತ್ತಿದ್ದುದರಿಂದಲೇ ಒಂದು ಬಾಡೂಟದಲ್ಲಿ ಗಾಣದ ಮನೆಯ ಯಜಮಾನ ಬದುಕಿದ. ಮಾಂಸದ ತುಂಡು ಅವನ ಗಂಟಲಲ್ಲಿ ಕೂತಿತ್ತು. ಪಕ್ಕದವರು ನೆತ್ತಿ ತಟ್ಟಿದರು. "ಮ್ಯಾಲ್ ನೋಡಣ್ಣ, ಮ್ಯಾಲ್ ನೋಡು" ಎಂದರು. ಇನ್ನೊಬ್ಬರು, "ಒಂದ್ ತುತ್ತು ಮುದ್ದೆ ನುಂಗ್ಸ್ರೋ, ಅದೇ ತಳ್ಕಂಡ್ ಹೋಯ್ತದೆ" ಎಂದು ತುತ್ತು ಮಾಡಿ ಬಾಯಿಗೆ ಹಿಡಿದರು. ಸಿಸ್ಟರು ಎದುರು ಸಾಲಿನಿಂದ ಎದ್ದು, ಎಲೆಗಳನ್ನು ದಾಟಿ, ಉಣ್ಣುವವರ ಎಲೆ ದಾಟಬಾರದೆಂಬುದನ್ನೂ ಬಿಟ್ಟು ನುಗ್ಗಿ, ಆ ತುತ್ತನ್ನು ಬಡಿದು ಕೆಡವಿದರು. ಯಜಮಾನನ ಹಿಂದೆ ನಿಂತು, ಬಗ್ಗಿಸಿ, ಬೆನ್ನಿಗೆ ಏಟು ಹಾಕಿದರು. ಬರಲಿಲ್ಲ. ಎರಡೂ ತೋಳು ಸುತ್ತಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಜಗ್ಗಿ ಒತ್ತಿದರು. ತುಮಕೂರಿನ ತರಬೇತಿಯಲ್ಲಿ ಆಗಷ್ಟೇ ಕಲಿತು ಬಂದದ್ದು. ಮೂರನೆಯ ಸಲಕ್ಕೆ ತುಂಡು ಹಾರಿ ಸಾರಿನ ಬಕೀಟಿಗೆ ಬಿತ್ತು.

ಮಾರನೆಯ ದಿನ ಯಜಮಾನನ ಹೆಂಡತಿ ಘಟಕದ ಬಾಗಿಲಿಗೆ ಬಂದಳು. "ಅಷ್ಟು ಜನದ್ ಮುಂದೆ ಪರ್ ಗಂಡಸ್ನ ಹಂಗೆ ತಬ್ಕಳದಾ?"

"ನಿನ್ ಗಂಡನ್ನಲ್ಲ ಕಣಮ್ಮ ನಾನು ತಬ್ಕೊಂಡಿದ್ದು, ನಿನ್ ತಾಳೀನ" ಎಂದರು ಸಿಸ್ಟರು.

ಗಾಣದ ಮನೆಯ ಯಜಮಾನ ಮಾತ್ರ ಆಮೇಲೆ ಅವರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ.

ಯಾರೇ ಮಗುವನ್ನು ಎತ್ತಿಕೊಂಡು ಓಡಿ ಬರಲಿ, ಕಾಸು ನುಂಗಿರಲಿ, ಮೂಳೆ ಸಿಕ್ಕಿರಲಿ, ಅವರ ಮೊದಲ ಪ್ರಶ್ನೆ ಒಂದೇ. "ಬೆರಳು ಹಾಕಿದ್ರಾ?" ಹೌದು ಅಂದವರನ್ನು ಅವರು ಬೈದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಎಷ್ಟು ಒಳಕ್ಕೆ ಹೋಗಿರಬಹುದು, ಗಂಟಲು ಗೀರಿರಬಹುದೇ ಎಂದು ಅಳೆಯಲು ಕೇಳುತ್ತಿದ್ದರು, ಅಷ್ಟೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಯುಗಾದಿಗೆ ಇನ್ನೂ ಎರಡು ವಾರವಿತ್ತು. ನಮ್ಮ ಜಗಲಿಯ ತುಂಬ ಹುಣಸೆಹಣ್ಣು ಹರಡಿತ್ತು. ಬೆಳಗಿನಿಂದ ಹೆಂಗಸರು ಕುಟ್ಟಿ ಬೀಜ ತೆಗೆದು, ಊಟಕ್ಕೆಂದು ಎದ್ದು ಹೋಗಿದ್ದರು. ಭಾನುವಾರ, ನಾನು ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದೆ. ತಮ್ಮನ ಹೆಂಡತಿ ಹತ್ತು ತಿಂಗಳ ಮಗನನ್ನು ನನ್ನ ಪಕ್ಕ ಕೂರಿಸಿ, "ಭಾವ, ಮಗೀನ ಒಸಿ ನೋಡ್ಕಳಿ, ಒಂದ್ ಬಿಂದ್ಗೆ ನೀರ್ ತತ್ತೀನಿ" ಎಂದು ಹೋದಳು. ಅವಳಿಗೆ ಅದು ಚೊಚ್ಚಲು.

ಪೇಪರಿನಿಂದ ನಾನು ತಲೆಯೆತ್ತಿದ್ದು ಕೆಮ್ಮು ಕೇಳಿ. ಮಗು ಬೀಜದ ರಾಶಿಯ ಹತ್ತಿರಕ್ಕೆ ಅಂಬೆಗಾಲಿಕ್ಕಿ ಹೋಗಿತ್ತು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು, ಆದರೆ ಕೆಮ್ಮುತ್ತಿತ್ತು. ಜೋರಾಗಿ ಕೆಮ್ಮುತ್ತಿತ್ತು. ಮುಟ್ಟಬೇಡಿ ಎಂದು ಗೋಡೆಗೆ ಬರೆದಿದ್ದವನು ನಾನು. ಎತ್ತಿಕೊಂಡು ಬಾಯಿಗೆ ತೋರುಬೆರಳು ಹಾಕಿದೆ.

ಬೀಜ ಬೆರಳ ತುದಿಗೆ ತಾಗಿತು. ನುಣ್ಣಗಿತ್ತು. ಇನ್ನೊಂದು ಚೂರು ಒಳಕ್ಕೆ ಹಾಕಿದರೆ ಹಿಂದಿನಿಂದ ಮೀಟಬಹುದು ಅನ್ನಿಸಿತು. ಹಾಕಿದೆ. ಜಾರಿತು. ಸದ್ದು ನಿಂತಿತು.

ಅಲ್ಲೇ ಬೋರಲು ಹಾಕಿ ಹೊಡೆಯಬಹುದಾಗಿತ್ತು. ಕೈ ಏಳಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ಘಟಕಕ್ಕೆ ಓಡಿದೆ. ಎರಡು ಬೀದಿ, ಒಂದು ಬಯಲು. ಈಗಲೂ ಆ ದಾರಿಯಲ್ಲಿ ನಡೆದರೆ ಹೆಜ್ಜೆ ಎಣಿಸದೆ ಇರಲಾರೆ.

ಸಿಸ್ಟರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. "ಹುಣಸೆ ಬೀಜ" ಅಂದೆ. ಸೋಪಿನ ಕೈಯಲ್ಲೇ ಮಗುವನ್ನು ಕಿತ್ತುಕೊಂಡು ಬೋರಲು ಹಾಕುತ್ತ ಕೇಳಿದರು:

"ಬೆರಳು ಹಾಕಿದ್ರಾ?"

"ಇಲ್ಲ ಸಿಸ್ಟರ್."

ಏಟಿನ ಸದ್ದಿಗೆ ಜನ ಸೇರಿದರು. ಬೋರಲು, ಅಂಗಾತ, ಮತ್ತೆ ಬೋರಲು. ತಮ್ಮನ ಹೆಂಡತಿ ಒದ್ದೆ ಸೀರೆಯಲ್ಲಿ ಓಡಿಬಂದು, "ನನ್ ಮಗೀನ ಹೊಡೀಬೇಡಿ, ಹೊಡೀಬೇಡಿ" ಎಂದು ಅವರ ತೋಳಿಗೆ ಜೋತುಬಿದ್ದಳು. "ಹಿಡ್ಕೊಳ್ರಿ ಆಕೇನ!" ಎಂದು ಸಿಸ್ಟರು ಕೂಗಿದರು. ಯಾರೋ ಹಿಡಿದರು. ಕೊನೆಗೆ ಬೀಜ ಬಂತು. ನೆಲದ ಮೇಲೆ ಬಿದ್ದು ಟಕ್ ಎಂದಿತು. ಅದಕ್ಕೆ ಎಳೆಯಷ್ಟು ರಕ್ತ ಅಂಟಿತ್ತು. ಮಗು ಅಳಲಿಲ್ಲ. ಸಿಸ್ಟರು ಅದರ ಬಾಯಿ ಮೂಗಿನ ಮೇಲೆ ಬಾಯಿಟ್ಟು ಬಹಳ ಹೊತ್ತು ಉಸಿರು ಊದಿದರು.

ಆಮೇಲೆ ಟಾರ್ಚ್ ಬಿಟ್ಟು ಬಾಯೊಳಗೆ ನೋಡಿದರು. ಸೆರಗಿನ ತುದಿಯಿಂದ ಒರೆಸಿ ಬಾಯಿ ಮುಚ್ಚಿದರು. ತಲೆಯೆತ್ತಿ ನನ್ನ ಮುಖ ನೋಡಲಿಲ್ಲ, ನನ್ನ ಬಲಗೈ ನೋಡಿದರು. ನಾನು ಮುಷ್ಟಿ ಹಿಡಿದೆ.

"ಬೀಜ ಬಂದ್ಮೇಲೂ ಮಗ ಯಾಕ್ ಸಾಯ್ತದೆ? ಹೊಡೆದೇ ಸಾಯ್ಸವ್ಳೆ" ಎಂಬ ಮಾತು ಸಂಜೆಯೊಳಗೆ ಊರಿನ ಮಾತಾಯಿತು. ಬೆನ್ನ ಮೇಲೆ ಕೆಂಪಗೆ ಅಂಗೈ ಗುರುತು ಎಲ್ಲರೂ ನೋಡಿದ್ದರು. ಮೂರನೆಯ ದಿನ ತಮ್ಮ ಒಂದು ಹಾಳೆ ತಂದು ನನ್ನ ಮುಂದಿಟ್ಟ. "ಅರ್ಜಿ ಬರಿ ಅಣ್ಣ. ನಿನ್ ಅಕ್ಷರ ಚೆನ್ನಾಗದೆ."

ಬರೆದೆ. ಅವರ ಪೂರ್ತಿ ಹೆಸರು, ಹುದ್ದೆ, ಸ್ಥಳ. ತಮ್ಮ ಹೇಳಿದ್ದು 'ಹೊಡೆದರು' ಎಂದು. 'ಮನಬಂದಂತೆ ಥಳಿಸಿದರು' ಎಂದು ಬರೆದವನು ನಾನು. ಸಹಿ ಹಾಕಿದ್ದು ತಮ್ಮ. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ವಿಚಾರಣೆಗೆ ತುಮಕೂರಿನಿಂದ ಸಾಹೇಬರು ಬಂದರು. ಸಿಸ್ಟರ ಕುರ್ಚಿಯಲ್ಲೇ ಕೂತರು. ಅವರ ತಲೆಯ ಹಿಂದೆ ಗೋಡೆಯ ಮೇಲೆ ನಾನು ಬರೆದ ಹಾಳೆ, ಕೈಯಲ್ಲಿ ನಾನು ಬರೆದ ಅರ್ಜಿ. ಅದನ್ನು ಸಿಸ್ಟರ ಕೈಗೆ ಕೊಟ್ಟು ಓದಲು ಹೇಳಿದರು. ಅವರು ಓದಲು ಶುರು ಮಾಡಿ, ಎರಡನೆಯ ಸಾಲಿಗೇ ನಿಲ್ಲಿಸಿ, ಗೋಡೆ ನೋಡಿದರು. ಮತ್ತೆ ಹಾಳೆ ನೋಡಿ ಕೊನೆಯವರೆಗೂ ಓದಿದರು. ಮಡಿಸಿ ವಾಪಸ್ ಕೊಟ್ಟರು.

"ಏನಮ್ಮ ನಿಮ್ದು?"

"ಮಗು ಬಂದಾಗ ಉಸಿರಿರಲಿಲ್ಲ ಸಾರ್. ನನಗೆ ಗೊತ್ತಿದ್ದದ್ದು ಮಾಡಿದೆ."

"ತರೋಕೆ ಮುಂಚೆ ಮನೇಲಿ ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ಕೇಳಿದೆ ಸಾರ್. ಇಲ್ಲ ಅಂದ್ರು."

ಸಾಹೇಬರು ನನ್ನ ಕಡೆ ತಿರುಗಿದರು. "ಎತ್ಕೊಂಡು ಬಂದಿದ್ದು ನೀನೇ ಅಲ್ವೇನಯ್ಯಾ? ನಿಂದೇನು?"

"ನನಗೇನೂ ಗೊತ್ತಿಲ್ಲ ಸಾರ್. ಎತ್ಕೊಂಡು ಬಂದೆ ಅಷ್ಟೆ."

ಮಗುವಿನ ಗಂಟಲಲ್ಲಿ ಕಂಡ ಗೀರಿನ ವಿಷಯ ಸಿಸ್ಟರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ನನ್ನ ನೌಕರಿ ಉಳಿಯಲಿ ಎಂದೋ, ಒಂದೇ ಮನೆಯ ಅಣ್ಣ ತಮ್ಮಂದಿರು ಮಚ್ಚು ಹಿಡಿಯಬಾರದೆಂದೋ, ಹೇಳಿದರೂ ಯಾರೂ ನಂಬುವುದಿಲ್ಲ ಎಂದೋ. ಗೊತ್ತಿಲ್ಲ. ಅದನ್ನು ಅವರ ದೊಡ್ಡತನ ಎಂದು ಹೊಗಳಿ ನಾನು ತಪ್ಪಿಸಿಕೊಳ್ಳಲಾರೆ.

ಅವರಿಗೆ ದೂರದ ಊರಿಗೆ ವರ್ಗವಾಯಿತು. ಹೊರಟ ದಿನ ಅವರ ಟ್ರಂಕನ್ನು ಸೈಕಲ್ ಮೇಲಿಟ್ಟು ಬಸ್ಸಿನವರೆಗೆ ತಳ್ಳಿಕೊಂಡು ಹೋದವನೂ ನಾನೇ, ಅಟೆಂಡರ್ ಅಲ್ಲವೇ. ಊರ ಬಾಗಿಲಲ್ಲಿ ತಮ್ಮನ ಹೆಂಡತಿ ಕಾದು ನಿಂತಿದ್ದಳು. ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಬಾಚಿ ಸಿಸ್ಟರ ಮೇಲೆ ತೂರಿದಳು. "ನಿನ್ ಕೈ ಸೇದೋಗ" ಎಂದಳು. ಸಿಸ್ಟರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ನಾನು ಸೈಕಲ್ಲಿನ ಹ್ಯಾಂಡಲ್ ನೋಡುತ್ತಿದ್ದೆ.

ಬಸ್ಸು ಹತ್ತುವಾಗ ಗೊಂಬೆಯನ್ನು ನನ್ನ ಕೈಗೆ ಕೊಟ್ಟರು. "ಇದು ಇಲ್ಲೇ ಇರ್ಲಿ. ಇನ್ನೊಂದು ಮಗು ಬರುತ್ತೆ. ಹೊಡೆಯೋದು ಕಲೀರಿ." ಮೇಷ್ಟ್ರೇ ಎನ್ನಲಿಲ್ಲ.

ಕಲಿತೆ. ಮನೆಯಲ್ಲಿ ಯಾರೂ ಇಲ್ಲದಾಗ ಕದ ಹಾಕಿಕೊಂಡು ಅದನ್ನು ಬೋರಲು ಹಾಕಿ ಹೊಡೆದೆ. ಬಟ್ಟೆ ಹರಿದು ರಾಗಿ ಚೆಲ್ಲಿದರೆ ಮತ್ತೆ ಹೊಲಿದೆ.

ಕೆಲವು ವರ್ಷದ ಮೇಲೆ ನನಗೂ ತುಮಕೂರಿಗೆ ವರ್ಗವಾಯಿತು. ಒಂದು ದಿನ ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ಕಡಲೆಕಾಯಿ ಬೀಜ ಸಿಕ್ಕಿತು. "ನೀರ್ ಕುಡ್ಸಿ, ನೀರ್ ಕುಡ್ಸಿ" ಎಂದು ಬಸ್ಸೆಲ್ಲ ಕೂಗಿತು. ಹುಡುಗಿ ಬಾಯಿ ತೆರೆದಿದ್ದಳು, ಸದ್ದಿರಲಿಲ್ಲ. ಪಕ್ಕದ ಮುದುಕ ಬೆರಳು ಹಾಕಲು ಹೋದ. ಅವನ ಕೈಗೆ ಬಡಿದು, ಅವಳನ್ನು ನನ್ನ ತೊಡೆಯ ಮೇಲೆ ಬಗ್ಗಿಸಿ ಹೊಡೆದೆ. ನಾಲ್ಕನೆಯ ಏಟಿಗೆ ಬೀಜ ಬಂತು, ಅದರ ಹಿಂದೆಯೇ ಅಳು ಬಂತು. ಆ ಅಳುವಿನ ಹಾಗೆ ಯಾವುದನ್ನೂ ನಾನು ಕೇಳಿಲ್ಲ.

ತಾಯಿ ನನ್ನ ಕಾಲಿಗೆ ಬಿದ್ದು, "ಇದ್ನ ಯಾರಣ್ಣ ನಿಮಗೆ ಕಲ್ಸಿದ್ದು?" ಎಂದಳು.

ಅವರ ಹೆಸರು ಹೇಳಬಹುದಾಗಿತ್ತು. "ನಾನು ಆಸ್ಪತ್ರೆಯೋನು ಕಣಮ್ಮ" ಎಂದೆ.

ಆ ಮಾತು ಒಂದು ವಾರ ನನ್ನನ್ನು ಮಲಗಲು ಬಿಡಲಿಲ್ಲ. ಸಿಸ್ಟರು ಕೆಲಸ ಬಿಟ್ಟು ಕುಣಿಗಲ್ಲಿನ ತಂಗಿಯ ಮನೆಯಲ್ಲಿದ್ದಾರೆಂದು ವಿಚಾರಿಸಿ, ಕ್ಷಮೆ ಕೇಳಿಯೇ ಬರುತ್ತೇನೆಂದು ಹೋದೆ. ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಕೂದಲು ನೆರೆತಿತ್ತು. ಗುರುತು ಹಿಡಿದು, "ಬನ್ನಿ, ಊಟದ್ ಹೊತ್ತು" ಎಂದರು. ಮುದ್ದೆ, ಸೊಪ್ಪಿನ ಸಾರು. ಈಗಲೂ ಅಗಿಯುತ್ತಿದ್ದರು. ಊರಿನವರ ಬಗ್ಗೆ ಒಬ್ಬೊಬ್ಬರನ್ನೇ ಕೇಳಿದರು. ಗಾಣದ ಮನೆಯವನು ಇದ್ದಾನಾ? ನನ್ನ ತಮ್ಮನಿಗೆ ಮತ್ತೆ ಮಕ್ಕಳಾದವಾ? ಎರಡು ಹೆಣ್ಣು ಎಂದೆ. "ಸದ್ಯ" ಎಂದರು.

ಹೇಳಬೇಕಾದದ್ದನ್ನು ಬಿಟ್ಟು ನಾನು ಬಸ್ಸಿನ ಹುಡುಗಿಯ ಕಥೆ ಹೇಳಿದೆ. ಅವರು ಊಟ ನಿಲ್ಲಿಸಿದರು. ಕಣ್ಣು ಹೊಳೆಯಿತು.

"ಕೆಮ್ತಿದ್ಲಾ?"

"ಇಲ್ಲ, ಸದ್ದಿರಲಿಲ್ಲ."

"ತಲೆ ಕೆಳಗಿತ್ತಾ?"

"ಇತ್ತು."

"ಎಷ್ಟನೇ ಏಟಿಗೆ?"

"ನಾಲ್ಕನೇದಕ್ಕೆ."

"ಬೆರಳು ಹಾಕಿದ್ರಾ?"

"ಇಲ್ಲ ಸಿಸ್ಟರ್."

ಅವರು ನನ್ನ ಬಲಗೈಯನ್ನೊಮ್ಮೆ ನೋಡಿದರು. ಆಮೇಲೆ ಮುಖ.

"ಈ ಸಲ ನಂಬ್ತೀನಿ ಮೇಷ್ಟ್ರೇ" ಎಂದರು.

ಬಾಗಿಲು ತೆರೆದು ನನ್ನನ್ನು ಒಳಕ್ಕೆ ಕರೆದ ಹಾಗಿತ್ತು ಆ ಮಾತು. ಒಂದೇ ಹೆಜ್ಜೆ. ನಾನು ಕೈ ತೊಳೆದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಮತ್ತೆ ಹೋಗುತ್ತೇನೆ ಅಂದುಕೊಂಡೆ. ಹೋಗಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ ನಾನು ಊರಿಗೆ ಹೋದೆ. ತಮ್ಮನ ಹೆಂಡತಿ ಈಗ ಮೊಮ್ಮಕ್ಕಳನ್ನು ಕಂಡ ಮುದುಕಿ. ಅದೇ ಜಗಲಿ, ಅದೇ ಕಂಬ. ಅಲ್ಲಿ ಕೂತು ಹೇಳಿದೆ. ಕೆಮ್ಮುತ್ತಿತ್ತು ಎಂದೆ. ಬೆರಳು ಹಾಕಿದೆ ಎಂದೆ. ಇಲ್ಲ ಅಂದೆ ಎಂದೆ. ಅರ್ಜಿ ಬರೆದದ್ದು ಅವಳಿಗೆ ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ.

ಅವಳು ಅಳುತ್ತಾಳೆ, ಬೈಯುತ್ತಾಳೆ, ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

"ಅಂಗಾರೆ ಆಯಮ್ಮ ನನ್ ಮಗೀನ ಉಳ್ಸಕ್ಕೆ ಹೊಡೆದಿದ್ದಾ ಭಾವ?"

"ಹೂಂ."

"ನನ್ ಕೈಲಿ ಮಣ್ಣು ತೂರ್ಸುದ್ರಲ್ಲ."



ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು. "ಆಯಮ್ಮನ ಹೆಸರೇನು? ಇಷ್ಟ್ ವರ್ಸ ಶಾಪ ಹಾಕಿವ್ನಿ, ಹೆಸರೇ ಗೊತ್ತಿಲ್ಲ ನಂಗೆ."

ಹೇಳಿದೆ. ಅರ್ಜಿಯಲ್ಲಿ ಬರೆದ ಮೇಲೆ ಆ ಹೆಸರು ನನ್ನಿಂದ ಹೊರಟದ್ದು ಅದೇ ಮೊದಲು. ಅವಳು ಅದನ್ನು ಎರಡು ಸಲ ಹೇಳಿಕೊಂಡಳು, ಕಲಿಯುವವರ ಹಾಗೆ. ಆಮೇಲೆ ಎದ್ದು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ನನ್ನನ್ನು ಒಳಗೆ ಕರೆಯಲಿಲ್ಲ.

ಇಲ್ಲಿ ಆ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ದುಂಡನೆಯ ಅಕ್ಷರದಲ್ಲಿ ಒಮ್ಮೆ ಬರೆದಿದ್ದೇನೆ.